ಸೊಂಟದ ಚೀಲ

ಮದುವೆಯಾದ ಮೇಲೆ ಅದೇ ಮೊದಲ ವಿದೇಶ ಪ್ರವಾಸ. ಇಬ್ಬರ ಪಾಸ್‌ಪೋರ್ಟೂ ಗಂಡನ ಸೊಂಟದ ಚೀಲದಲ್ಲೇ ಇದ್ದವು. ವಾರಿಜ ತನ್ನದನ್ನು ಕೇಳಿದಾಗಲೆಲ್ಲ ಅವನು, "ಪರದೇಶ ಕಣೇ, ಕಳ್ಳರ ಕಾಟ. ನೀನು ಎಲ್ಲಾದ್ರೂ ಬೀಳಿಸ್ಕೊಂಡ್ರೆ ಏನ್ಮಾಡೋದು?" ಎಂದು ನಗುತ್ತಿದ್ದ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಅವಳು ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಅವನ ಫೋನಿನ ಮಾತು ಬಾಗಿಲ ಸಂದಿಯಿಂದ ಕೇಳಿಸಿತು.

"ಇಲ್ಲಮ್ಮಾ, ನಾನೊಬ್ನೇ ಬರ್ತೀನಿ. ಅವಳನ್ನ ಏರ್‌ಪೋರ್ಟಲ್ಲಿ ಕೂರಿಸಿ ಹೊರಟುಬಿಡ್ತೀನಿ. ಪಾಸ್‌ಪೋರ್ಟ್ ಇಲ್ದೆ ಅವಳು ಹೇಗೆ ಬರ್ತಾಳೆ?"

ಅವಳು ಮುಖ ಒರೆಸಿಕೊಂಡು ಹೊರಬಂದಳು.

"ನೀವು ಸ್ನಾನ ಮುಗಿಸಿ, ಹೊತ್ತಾಯ್ತು" ಎಂದಷ್ಟೇ ಹೇಳಿದಳು.

ವಿಮಾನ ನಿಲ್ದಾಣದಲ್ಲಿ ಅವನು ಅವಳನ್ನು ಒಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿದ.

"ಇಲ್ಲೇ ಇರು, ಕಾಫಿ ತರ್ತೀನಿ."

"ಬೇಗ ಬಂದ್ಬಿಡಿ, ನಂಗೆ ಭಯ ಆಗತ್ತೆ."

"ಈಗ ಬಂದೆ."

ತಿರುಗಿಯೂ ನೋಡದೆ ಅವನು ತಪಾಸಣೆಯ ಸಾಲು ಸೇರಿದ್ದು ಗಾಜಿನಾಚೆ ಕಂಡಿತು. ಸರದಿ ಬಂದಾಗ ಸೊಂಟದ ಚೀಲದಿಂದ ಪಾಸ್‌ಪೋರ್ಟಿನ ಚರ್ಮದ ಕವರು ತೆಗೆದುಕೊಟ್ಟ. ಅಧಿಕಾರಿ ಅದನ್ನು ಬಿಡಿಸಿ, ಒಳಗೆ ಮಡಿಚಿಟ್ಟಿದ್ದ ಪ್ರವಾಸಿ ನಕ್ಷೆಯನ್ನು ಎತ್ತಿ ತೋರಿಸಿದ. ಅವನು ಗಾಬರಿಯಿಂದ ಇನ್ನೊಂದು ಕವರು ತೆರೆದ. ಅದರೊಳಗೂ ನಕ್ಷೆ. ಇಬ್ಬರು ಪೊಲೀಸರು ಬಂದು ಅವನ ಪಕ್ಕದಲ್ಲಿ ನಿಂತರು.

ವಾರಿಜ ಎದ್ದು ವಿಮಾನದ ಕೌಂಟರಿಗೆ ಹೋಗಿ ತನ್ನ ಪಾಸ್‌ಪೋರ್ಟ್ ಕೊಟ್ಟಳು; ಗಂಡನದು ಹೋಟೆಲಿನ ಹಾಸಿಗೆಯಡಿ ಇತ್ತು.