ವಿಭೂತಿ ಗಂಟು

ಬೈಪಾಸಿನಲ್ಲಿ ಅಣ್ಣನ ಜೀವ ತೆಗೆದ ರೇಸ್ ಬೈಕನ್ನು ಗುಜರಿಗೆ ಹಾಕು ಎಂದು ತಾಯಿ ಬಡಿದುಕೊಂಡಳು. ಕಿರಿಮಗ ಕೇಳಲಿಲ್ಲ. ಮೆಕ್ಯಾನಿಕ್ ಆಗಿದ್ದ ಅಪ್ಪನಿಗೆ ಅವಳೇ ಇಪ್ಪತ್ತು ವರ್ಷ ಎತ್ತಿಕೊಟ್ಟಿದ್ದ ಸ್ಪ್ಯಾನರುಗಳನ್ನು ಹಿಡಿದು, ಮನೆಯ ಶೆಡ್ಡಿನಲ್ಲಿ ಮೂರು ತಿಂಗಳು ಹೆಣಗಿ ಅದನ್ನು ಎಬ್ಬಿಸಿ ನಿಲ್ಲಿಸಿದ.

ಆಗ ಅವಳು ಕೇಳಿದ್ದು ಒಂದೇ. "ಮಂತ್ರಿಸಿದ ವಿಭೂತಿ ತಂದಿದೀನಿ. ಗಾಡೀಲಿ ಇಡ್ತೀನಿ, ಬೇಡ ಅನ್ಬೇಡ."

ಅವನು ನಕ್ಕು ಹೂಂ ಅಂದಿದ್ದ.

ಮರುದಿನದಿಂದ ಬೈಕು ಅರವತ್ತು ದಾಟಲಿಲ್ಲ. ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ತೊಳೆದ. ಏನೂ ಪ್ರಯೋಜನವಾಗಲಿಲ್ಲ. ಇವತ್ತು ಟ್ಯಾಂಕ್ ಎತ್ತಿ, ಅದರಡಿಯ ಏರ್ ಫಿಲ್ಟರ್ ಡಬ್ಬಿಯ ನಾಲ್ಕೂ ಸ್ಕ್ರೂ ಬಿಚ್ಚಿ ನೋಡಿದರೆ, ಎಂಜಿನ್ ಉಸಿರೆಳೆಯುವ ಬಾಯಿಗೆ ಅಡ್ಡಲಾಗಿ ಮುಷ್ಟಿ ಗಾತ್ರದ ಕೆಂಪು ಬಟ್ಟೆಯ ಗಂಟು ಕೂತಿತ್ತು.

ಅದನ್ನು ಕಿತ್ತು, ಎಲ್ಲ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದ. ಶೆಡ್ಡಿನ ತಗಡು ನಡುಗಿತು. ಅಣ್ಣನ ಕಾಲದ ಅದೇ ಅಬ್ಬರ. ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಇಡೋಕೆ ಇದೇ ಜಾಗ ಸಿಕ್ತೇನಮ್ಮಾ? ಗಾಡಿ ಉಸಿರೇ ಕಟ್ಟಿಹೋಗಿತ್ತು!"

"ಅದನ್ನ ಇದ್ದ ಜಾಗದಲ್ಲೇ ಇಡು."

"ಸೀಟಿನ ಕೆಳಗಿಡ್ತೀನಿ ಬಿಡು."

"ಬೇಡ. ಇದ್ದಲ್ಲೇ ಇಡು."

ಅವನು ಗಂಟನ್ನು ಅವಳ ಕೈಗೆ ತುರುಕಿ ಹೆಲ್ಮೆಟ್ ಹಾಕಿಕೊಂಡ. "ತಗೋ, ದೇವರ ಮನೇಲಿಡು. ಕಾಪಾಡೋ ದೇವರು ಅಲ್ಲಿಂದಲೂ ಕಾಪಾಡ್ತಾನೆ. ಬೈಪಾಸಲ್ಲಿ ಒಂದು ರೌಂಡ್ ಹೊಡ್ಕೊಂಡು ಬರ್ತೀನಿ."

ತಾಯಿ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದುಕೊಂಡಳು.

"ದೇವರ ಮನೇಲಿದ್ರೆ ಅದು ಎಂಜಿನ್ ಗಾಳಿ ತಡೆಯಲ್ಲ ಕಣೋ."