ಕೆಸರುಭೂತಕ್ಕೆ ಎಷ್ಟು ನಕ್ಷತ್ರ

"ಎಂತ ಬರೆದದ್ದು? ಕನ್ನಡದಲ್ಲಿ ಹೇಳು ನೋಡುವ."

ಅಪ್ಪ ಐತಪ್ಪ ಬೆನ್ನ ಹಿಂದೆಯೇ ನಿಂತಿದ್ದರು. ಶೀತಲ್ ಇಂಗ್ಲಿಷಿನಲ್ಲಿ ಬರೆದ ಚೀಟಿಯ ಮೇಲೆ ಅಂಗೈ ಮುಚ್ಚಿದಳು. ಲಂಡನ್ನಿನ ಕ್ವೀನ್ಸ್‌ಬರಿಯ ವಿಡಿಯೊ ಅಂಗಡಿಯವರು ಹಳೆಯ ಭೂತದ ಸಿನಿಮಾಗಳ ಕ್ಯಾಸೆಟ್ಟಿಗೆ ಅಂಟಿಸಲು ಅವಳಿಂದ ವಿಮರ್ಶೆ ಬರೆಸುತ್ತಿದ್ದರು. ಮನೆಯಲ್ಲಿ ಅದು ಗುಟ್ಟು. ಶಾಲೆ ಬಿಟ್ಟವಳಿಗೆ ಇದೊಂದೇ ಉಳಿದಿತ್ತು. ಅಪ್ಪ ಇದನ್ನು ಬಿಡಿಸಿದರೆ? ಟೀವಿಯಲ್ಲಿ ರಬ್ಬರಿನ ಕೆಸರುಭೂತ ಇನ್ನೂ ತೂರಾಡುತ್ತಿತ್ತು.

ಅವಳು ಅಂಗೈ ಸರಿಸಿ ಕನ್ನಡದಲ್ಲಿ ಹೇಳಿದಳು. "ಭೂತ ಮಂಡಿನೋವಿನ ಮುದುಕನ ಹಾಗೆ ನಡೀತದೆ. ಮಗುವೂ ಹೆದರುವುದಿಲ್ಲ. ಐದರಲ್ಲಿ ಒಂದೇ ನಕ್ಷತ್ರ."

ಐತಪ್ಪ ಟೀವಿಯನ್ನೇ ನೋಡಿದರು. "ಆ ವೇಷದೊಳಗೆ ಇದ್ದದ್ದು ನಾನು ಮಾರಾಯ್ತಿ. ಲಂಡನ್ನಿಗೆ ಬಂದ ವರ್ಷ. ಯಕ್ಷಗಾನದಲ್ಲಿ ರಾಕ್ಷಸ ಮಾಡಿದವ ಅಂತ ಕರೆದರು. ಆ ರಬ್ಬರಲ್ಲಿ ಕಾಲೇ ಮಡಚಲಿಲ್ಲ."

ಟೀಪಾಯಿ ಸರಿಸಿದರು. ಲುಂಗಿ ಎತ್ತಿ ಕಟ್ಟಿ, ಅವಳಿಗೆ ಬೆನ್ನು ಹಾಕಿ ನಿಂತರು. ಮತ್ತೆ ಒಮ್ಮೆಲೇ ತಿರುಗಿ ಆರ್ಭಟಿಸಿದರು. ಕಪಾಟಿನ ಲೋಟಗಳು ಕಿಣಿಗುಟ್ಟಿದವು. ಆ ಕಣ್ಣು, ಆ ಹೆಜ್ಜೆ ಅಪ್ಪನದಾಗಿರಲಿಲ್ಲ. ಶೀತಲ್ ಗೋಡೆಗೆ ಅಂಟಿಕೊಂಡಳು.

"ಈಗ ಎಷ್ಟು?" ಏದುಸಿರು ಬಿಡುತ್ತ ಐತಪ್ಪ ಕೇಳಿದರು.

 ಅವಳು ಗೋಡೆ ಬಿಡದೆಯೇ ಕೈಯೆತ್ತಿ ಐದೂ ಬೆರಳು ತೋರಿಸಿದಳು.