ಎಡೆಗಿಟ್ಟ ಹಸಿರು ಸೀರೆ

ಕಾಂಗೋದಿಂದ ಬಂದಿರುವ ನನ್ನ ವಿದ್ಯಾರ್ಥಿ ಇಂದು ಬಿಳಿ ಮಣ್ಣಿನ ಉಂಡೆಯೊಂದನ್ನು ನನ್ನ ಅಂಗೈಗಿಟ್ಟು, ತಮ್ಮ ಕಡೆ ಸತ್ತವರ ಊರು ನೀರಿನ ಕೆಳಗಿರುತ್ತದೆ, ಅಲ್ಲಿಯ ಬಣ್ಣ ಇದೇ ಎಂದ. ಮೂಸಿದರೆ ಥೇಟ್ ನಮ್ಮ ವಿಭೂತಿ.

ಅವ್ವ ತೀರಿಕೊಂಡ ವರ್ಷ, ಹಿರಿಯರಿಗೆ ಎಡೆ ಹಿಡಿಯುವ ದಿನ. ಅವ್ವನ ತಾಯಿ, ನಮ್ಮ ಆಯಿ, ನಮ್ಮೂರು ಯಡೂರಿಗೆ ಬಂದು ಮಗಳ ಎಡೆಯ ಮುಂದೆ ಹಸಿರು ಇಳಕಲ್ ಸೀರೆ ಇಟ್ಟಳು. ಎಡೆಗಿಟ್ಟ ಬಟ್ಟೆಯನ್ನು ಮನೆಯವರೇ ಉಡಬೇಕು. ಮನೆಯಲ್ಲಿ ನನ್ನ ಬಿಟ್ಟು ಬೇರೆ ಹೆಣ್ಣಿರಲಿಲ್ಲ. ಆಯಿ ಅದನ್ನು ಅರ್ಧಕ್ಕೆ ಮಡಚಿ ಎಂಟು ವರ್ಷದ ನನಗೇ ಸುತ್ತಿದಳು, ತಲೆಯ ಮೇಲೆ ಸೆರಗೆಳೆದು ಹಣೆಗೆ ವಿಭೂತಿ ಬಳಿದಳು. ಹೊಸ ಸೀರೆಯ ಗಂಜಿ ಕೊರಳಿಗೆ ಚುಚ್ಚುತ್ತಿತ್ತು.

ಮಧ್ಯಾಹ್ನ ಎಡೆಯ ಒಂದು ತುತ್ತನ್ನು ಹೊಳೆಗೆ ಬಿಡಲು ಹೋದೆವು. ಕೃಷ್ಣೆ ಅಲುಗಾಡದೆ ಮಲಗಿದ್ದಳು. ನಾನು ಬಗ್ಗಿ ನೋಡಿದೆ.

"ಆಯಿ, ಅವ್ವ ಒಳಗದಾಳ."

ಆಯಿ ನನ್ನನ್ನು ತಿದ್ದಲಿಲ್ಲ. "ಹೆಂಗದಾಳವಾ?" ಎಂದಳು.

"ಅಳಾಕತ್ತಾಳ."

"ಹಂಗಾರ ನೀ ಒಂದೀಟು ನಕ್ಕು ನೋಡು."

ನಕ್ಕೆ. ಕೆಳಗೆ ಅವ್ವನೂ ನಕ್ಕಳು.

"ನೀನೂ ಬಂದ್ ನೋಡು ಆಯಿ."

ಆಯಿ ನೀರಿನ ಹತ್ತಿರ ಬರಲೇ ಇಲ್ಲ. "ಇಲ್ಲಿಂದನ ಕಾಣಾಕತ್ತಾಳವಾ" ಎಂದಳು, ನನ್ನ ಮುಖವನ್ನೇ ನೋಡುತ್ತ.